ಕೆರೆಗೆ ಬಿದ್ದ ಹೊಸ ಕಂಬಳಿ

ಮನುಷ್ಯ ಚಳಿಗೆ ಸಾಯುತ್ತಾನೆ ಎಂದು ನಮ್ಮ ಸಿರಾ ಸೀಮೆಯವರಿಗೆ ಹೇಳಿ ನೋಡಿ, ನಗುತ್ತಾರೆ. ಬಿಸಿಲಿಗೆ ತಲೆ ತಿರುಗಿ ಬಿದ್ದವರನ್ನು ಕಂಡವರು ನಾವು. ಚಳಿ ಎಂದರೆ ಬೆಳಗಿನ ಹೊತ್ತು ಒಲೆ ಮುಂದೆ ಕೂರುವುದಕ್ಕೆ ಒಂದು ನೆಪ, ಅಷ್ಟೆ. ಕಳ್ಳಂಬೆಳ್ಳದ ಕೆರೆಯ ನಡುನೀರಿನಲ್ಲಿ ನನ್ನ ಭಾವ ನನ್ನ ಮುಖ ನೋಡಿ ನಗುತ್ತಾ, "ಸೆಕೆ ಆಯ್ತದೆ ಕಣ್ಲಾ" ಅನ್ನುವವರೆಗೆ ನಾನೂ ಹಾಗೇ ತಿಳಿದಿದ್ದೆ.

ದೊಡ್ಡ ಯುದ್ಧ ಮುಗಿದ ಮರುವರ್ಷ ಇರಬೇಕು. ಆ ಸಲ ಕೆರೆ ತುಂಬಿ ಕೋಡಿ ಬಿದ್ದಿತ್ತು. ಕೆರೆ ತುಂಬಿತೆಂದರೆ ಆಚೆ ದಡದ ಹಳ್ಳಿಗಳ ಗಾಡಿದಾರಿ ನೀರಿನೊಳಗೆ. ಆಗ ಜನರನ್ನು ದಾಟಿಸಲು ಹರಿಗೋಲು ಹಾಕುವವನೊಬ್ಬ ಬೇಕು. ನೀರು ಕಾಣುವುದೇ ಅಪರೂಪವಾದ ಕಡೆ ಹುಟ್ಟಾ ಅಂಬಿಗರು ಎಲ್ಲಿಂದ ಬಂದಾರು? ಅದಕ್ಕೇ ಹಿರಿಯರು ಪಂದ್ಯದ ಕಟ್ಟಳೆ ಮಾಡಿದ್ದರು. ಏರಿಯಿಂದ ಹೊರಟು, ಕೆರೆಯ ಉದ್ದಕ್ಕೂ ಹೋಗಿ, ಆಚೆ ತುದಿಯ ಹೊಲದಲ್ಲಿ ಒಂದು ಹಿಡಿ ರಾಗಿ ತೆನೆ ಕಿತ್ತು, ಹೊದ್ದ ಕಂಬಳಿಯ ಚುಂಗಿಗೆ ಗಂಟು ಹಾಕಿಕೊಂಡು ಮೊದಲು ಹಿಂತಿರುಗಿದವನೇ ಆ ವರ್ಷದ ಅಂಬಿಗ. ಕೆರೆಯಲ್ಲಿ ನೀರಿರುವಷ್ಟು ಕಾಲ ಮನೆಮನೆಯಿಂದ ಅವನಿಗೆ ರಾಗಿ. ಹೊರಡುವಾಗ ಊರಗೌಡರು ಹುಟ್ಟು ಹಾಕುವವರಿಗೆಲ್ಲ ಹೊಸ ಕಂಬಳಿ ಹೊದಿಸಿ ಕತ್ತಿನ ಬಳಿ ತಾವೇ ಗಂಟು ಬಿಗಿಯುತ್ತಿದ್ದರು. ಕಂಬಳಿ ಹೆಗಲು ಬಿಟ್ಟರೆ ಪಂದ್ಯ ಬಿಟ್ಟ ಹಾಗೆ.

ಭಾವ ನಮ್ಮಲ್ಲಿ ಮನೆ ಅಳಿಯನಾಗಿದ್ದ. ಕೆಲಸಕ್ಕೆ ಹಿಂದೆಗೆದವನಲ್ಲ, ಆದರೂ ನಮ್ಮಜ್ಜಿಯ ಬಾಯಿ ಸುಮ್ಮನಿರುತ್ತಿರಲಿಲ್ಲ. "ಅಳಿಯದೇವ್ರು ಎದ್ರೇನಮ್ಮಾ? ಮುದ್ದೆ ಆರೋಯ್ತದೆ!" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿತ್ತು. ಅಕ್ಕ ಆಗ ತುಂಬು ಬಸುರಿ. "ನನ್ ಕೂಸು ತಾತನ್ ಮನೆ ಮುದ್ದೆ ತಿಂದು ಬೆಳೀಬಾರ್ದು" ಎಂದು ಅವಳದು ಒಂದೇ ಹಟ. ಅಂಬಿಗತನ ಸಿಕ್ಕರೆ ಬೇರೆ ಒಲೆ ಹೂಡುವುದು ಎಂದು ಗಂಡ ಹೆಂಡಿರು ಮಾತಾಡಿಕೊಂಡಿದ್ದರು.

ಕಂಬಳಿಯ ಮಾತು ಹೇಳಬೇಕು. ನಮ್ಮ ಕಡೆ ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ಎಷ್ಟು ಬಿರುಸಾದರೆ ಅಷ್ಟು ಮರ್ಯಾದೆ. ನೆಲಕ್ಕೆ ನಿಲ್ಲಿಸಿದರೆ ತಾನೇ ನಿಲ್ಲಬೇಕು. ಹೊಸದನ್ನು ಒಗೆಯುವುದು ಅಪಶಕುನ. ನಮ್ಮ ಮನೆಯ ಗೂಟದಲ್ಲಿ ಅಪ್ಪನ ಹಳೇ ಕಂಬಳಿ ನೇತಾಡುತ್ತಿತ್ತು. ಮಳೆಯಲ್ಲಿ ನೆಂದು ನೆಂದು ಅದರ ಗಂಜಿಯೆಲ್ಲ ಯಾವತ್ತೋ ಹೋಗಿ ಮೆತ್ತಗಾಗಿತ್ತು. ಅಂಥದನ್ನು ಒಳ್ಳೆಯ ಕಾರ್ಯಕ್ಕೆ ಯಾರು ಹೊದೆಯುತ್ತಾರೆ?

ಎರಡೇ ಹರಿಗೋಲು ಇಳಿದವು. ಒಂದರಲ್ಲಿ ಭಾವ, ನೀರು ಎತ್ತಿ ಚೆಲ್ಲಲು ಸೋರೆ ಬುರುಡೆ ಹಿಡಿದು ನಾನು. ಇನ್ನೊಂದರಲ್ಲಿ ಸಿರಾದ ಸಾಯಬರು ಮತ್ತು ಅವರ ತಮ್ಮ. ಹರಿಗೋಲುಗಳಿಗೆ ತೊಗಲು ಹೊಲಿಯುತ್ತಿದ್ದವರು ಆ ಸಾಯಬರೇ. ನಮ್ಮದನ್ನೂ ಅವರೇ ಹೊಲಿದಿದ್ದರು. ಗೌಡರು ಹೊದಿಸಿದ ಕಂಬಳಿಯ ಮೇಲೆ ಅವರು ಬೆಂಗಳೂರಿನ ಗುಜರಿಯಲ್ಲಿ ಕೊಂಡ ರಬ್ಬರಿನ ಮಿಲಿಟರಿ ಕೋಟು ಏರಿಸಿದ್ದರು. ಏರಿಯ ಮೇಲಿನ ಜನವೆಲ್ಲ ಬಿದ್ದು ಬಿದ್ದು ನಕ್ಕರು.

"ಸಾಯಬ್ರೇ, ಯುದ್ಧ ಮುಗ್ದೋಯ್ತು, ಮನೀಗ್ ಹೋಗ್ರಿ!" ಎಂದ ಭಾವ. "ನಮ್ ಹರಿಗೋಲಿಗೆ ಒಂದು ತೂತು ಬುಟ್ಟು ಹೊಲ್ದಿಲ್ಲ ತಾನೇ?"

"ಬಿಟ್ರೆ ನಿನ್ನನ್ನ ಎತ್ಕೊಂಡು ಬರೋ ಕೆಲ್ಸ ನಂದೇ ಅಲ್ವೇನಪ್ಪಾ?" ಎಂದರು ಸಾಯಬರು.

ಹೋಗುವಾಗ ಗಾಳಿ ಬೆನ್ನಿಗಿತ್ತು. ಮಳೆ ಶುರುವಾದಾಗ ಹನಿಗಳು ಭಾವನ ಕಂಬಳಿಯ ಮೇಲಿಂದ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿದವು. "ನೋಡ್ಲಾ, ಗಂಜಿ ಅಂದ್ರೆ ಇದು!" ಎಂದು ಬೀಗಿದ. ತೆನೆ ಕಿತ್ತು ಚುಂಗಿಗೆ ಕಟ್ಟಿಕೊಂಡು ನಾವು ತಿರುಗಿದಾಗ ಸಾಯಬರು ಇನ್ನೂ ಹಿಂದಿದ್ದರು. ಅವರ ಕೋಟಿನೊಳಗೆ ಗಾಳಿ ಹೊಕ್ಕು ಉಬ್ಬಿ, ಹರಿಗೋಲು ಬುಗುರಿಯ ಹಾಗೆ ಸುತ್ತುತ್ತಿತ್ತು.

ವಾಪಸು ಬರುವಾಗ ಮೂಡಲ ಗಾಳಿ ಎದುರಿಗೆ ಬಂತು. ಅಂಥ ಮಳೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೇಲಿನಿಂದ ಬೀಳದೆ ಅಡ್ಡಲಾಗಿ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕಂಬಳಿಯ ಗಂಜಿ ಕರಗಲು ಶುರುವಾಯಿತು. ಲೋಳೆಯಾಗಿ ಭಾವನ ತೋಳಿನ ಮೇಲೆ ಇಳಿಯಿತು. ಹುಟ್ಟು ಮೀನಿನ ಹಾಗೆ ಕೈಯಿಂದ ಜಾರತೊಡಗಿತು. ಹರಿಗೋಲಿನ ತಳವೂ ಲೋಳೆ, ಕಾಲೂರಲು ಆಗದು. ಗಂಜಿ ಹೋದ ಜಾಗಕ್ಕೆಲ್ಲ ನೀರು ತುಂಬಿ ಕಂಬಳಿ ನೆಂದ ಕುರಿಯಷ್ಟು ಭಾರವಾಗಿ ಅವನನ್ನು ಮುಂದಕ್ಕೆ ಬಗ್ಗಿಸಿತು. ಕಟ್ಟಳೆಯಂತೆ ಬೆಳಗಿನಿಂದ ಅವನದು ಬರೀ ಹೊಟ್ಟೆ ಬೇರೆ. ನಾನು ಬನಿಯನ್ನಿನಲ್ಲಿದ್ದೆ, ಆದರೂ ನೀರು ಎತ್ತಿ ಎತ್ತಿ ಮೈ ಬಿಸಿಯಾಗಿತ್ತು. ಅವನು ಹಲ್ಲು ಕಟಕಟ ಎನ್ನುವ ಹಾಗೆ ನಡುಗುತ್ತಿದ್ದ.

ಆಮೇಲೆ ನಡುಕ ನಿಂತಿತು. ಸದ್ಯ, ಸುಧಾರಿಸಿಕೊಂಡ ಎಂದುಕೊಂಡೆ.

ತಲೆ ಎತ್ತಿದರೆ ಅವನ ತುಟಿ ನೇರಳೆ ಹಣ್ಣು ತಿಂದವನ ತುಟಿಯ ಹಾಗೆ ಇತ್ತು. ಕೈಯಲ್ಲಿ ಹುಟ್ಟು ಇರಲಿಲ್ಲ. ಅದು ಅಷ್ಟು ದೂರದಲ್ಲಿ ತೇಲುತ್ತಿತ್ತು. ಅವನು ನಗುತ್ತಿದ್ದ.

"ಭಾವ! ಹುಟ್ಟು ಬುಟ್ಬುಟ್ಯಲ್ಲೋ!"

"ಸೆಕೆ ಆಯ್ತದೆ ಕಣ್ಲಾ," ಎಂದ, ಹೆಂಡ ಕುಡಿದವನ ಹಾಗೆ ತೊದಲುತ್ತಾ. "ಒಸಿ ನೀರಿಗಿಳ್ದು ತಂಪು ಮಾಡ್ಕೊಂಡು ಬತ್ತೀನಿ."

ಅವನ ಕೈ ಮುಟ್ಟಿದೆ. ತಣ್ಣನೆಯ ಕಲ್ಲು. ಚಳಿ ತಲೆಗೇರಿತ್ತು. ಆ ಕೈಯೇ ಅಂಚು ಹಿಡಿದಿತ್ತು, ಒಂದು ಕಾಲು ಆಗಲೇ ಹೊರಗೆ ಹೋಗಿತ್ತು. ಆ ಭಾರ ಹೊತ್ತು ಇಳಿದರೆ ಮತ್ತೆ ಮೇಲೆ ಬರುವುದುಂಟೇ? ನಡುವಿಗೆ ಜೋತುಬಿದ್ದು ಒಳಗೆಳೆದು ಕತ್ತಿನ ಗಂಟಿಗೆ ಕೈ ಹಾಕಿದೆ. ನೆಂದ ಉಣ್ಣೆ ಬಿಗಿದುಕೊಂಡು ಗಂಟು ಹುಣಸೆ ಕೊರಡಾಗಿತ್ತು. ಹಲ್ಲು ಹಾಕಿದೆ, ಬರಲಿಲ್ಲ. ನನ್ನ ಎಲೆಯಡಿಕೆ ಚೀಲದಲ್ಲಿ ಅಡಕತ್ತರಿ ಇತ್ತು. ಅದನ್ನು ತೆಗೆದು ಗಂಟಿನ ಪಕ್ಕದಲ್ಲಿ ಒಂದೊಂದೇ ಎಳೆ ಕಚ್ಚಿಸಿ ಕತ್ತರಿಸತೊಡಗಿದೆ.

ಸೆಕೆ ಎಂದು ನೀರಿಗೆ ಹಾರಲು ಹೊರಟವನು ಆಗ ಎರಡೂ ಕೈಯಲ್ಲಿ ಕಂಬಳಿ ಹಿಡಿದುಕೊಂಡ. "ಕಂಬ್ಳಿ ಮುಟ್ಬೇಡ ಕಣ್ಲಾ! ಕಂಬ್ಳಿ ಹೋದ್ರೆ ಒಲೆ ಹೋಯ್ತದೆ!"

ಕೊನೆಯ ಎಳೆ ಹರಿಯಿತು. ಮರಗಟ್ಟಿದ ಅವನ ಬೆರಳುಗಳಿಂದ ಕಂಬಳಿ ತೆನೆಯ ಸಮೇತ ಜಾರಿ ನೀರಿಗೆ ಬಿತ್ತು. ಒಂದು ಗಳಿಗೆಯೂ ತೇಲಲಿಲ್ಲ. ಗುಂಡುಕಲ್ಲಿನ ಹಾಗೆ ಹೋಯಿತು.

ನನ್ನ ಕೂಗು ಕೇಳಿ ಸಾಯಬರು ಪಕ್ಕಕ್ಕೆ ಬಂದರು. "ಯಾ ಅಲ್ಲಾ!" ಎಂದವರೇ ಕೋಟು ಬಿಚ್ಚಿದರು. ಒಳಗೆ ಅವರ ಕಂಬಳಿ ಬೆಚ್ಚಗೆ, ಒಣಗಿಯೇ ಇತ್ತು, ಚುಂಗಿನಲ್ಲಿ ಅವರು ಕಿತ್ತ ತೆನೆಯ ಗಂಟು. ಅದನ್ನು ತಲೆಯ ಮೇಲಿಂದ ತೆಗೆದು ಭಾವನಿಗೆ ಸುತ್ತಿ, ಮೇಲೆ ಕೋಟು ಹೊದಿಸಿ, ಹರಿಗೋಲುಗಳನ್ನು ಒಂದಕ್ಕೊಂದು ಬಿಗಿದು, ಅಣ್ಣ ತಮ್ಮಂದಿರಿಬ್ಬರೂ ಹುಟ್ಟು ಹಾಕಿದರು. ನಾನು ಭಾವನನ್ನು ತಬ್ಬಿಕೊಂಡು ಕೂತೆ.

ಏರಿಗೆ ಮುಟ್ಟಿದಾಗ ಮೊದಲು ಭಾವನನ್ನೇ ಎತ್ತಿ ಇಳಿಸಿದೆವು. ಮೈಮೇಲೆ ಕಂಬಳಿ, ಚುಂಗಿನಲ್ಲಿ ತೆನೆ. ಗೌಡರು ನೋಡಿದವರೇ, "ಗೆದ್ದ! ಅಳಿಯ ಗೆದ್ದ!" ಎಂದುಬಿಟ್ಟರು. ಜನ ಕೇಕೆ ಹಾಕಿದರು. ಅಕ್ಕ ಅಳುತ್ತಾ ನಕ್ಕಳು. ನೇರಳೆ ತುಟಿ ಯಾರ ಕಣ್ಣಿಗೂ ಬೀಳಲಿಲ್ಲ. ಆ ಕೇಕೆ ಕೇಳಿ ನನಗೆ ಕೆರೆಯಲ್ಲಿ ಆದದ್ದಕ್ಕಿಂತ ಹೆಚ್ಚು ದಿಗಿಲಾಯಿತು.

"ಗೌಡ್ರೇ, ಈ ಕಂಬ್ಳಿ ಸಾಯಬ್ರದ್ದು. ನಮ್ದು ಕೆರೆ ಪಾಲಾಯ್ತು. ಮೊದ್ಲು ಇವ್ನಿಗೆ ಬೆಂಕಿ ಹಾಕ್ರಪ್ಪಾ!" ಎಂದೆ.

ಆ ವರ್ಷದ ಅಂಬಿಗತನ ಸಾಯಬರಿಗೆ ಹೋಯಿತು. ತಮ್ಮ ಕಂಬಳಿಯೂ ಹೆಗಲು ಬಿಟ್ಟಿತ್ತು, ಬೇಡ ಎಂದು ಅವರು ಹೇಳಿದರೂ, ಇನ್ನೊಬ್ಬನಿಗೆ ಹೊದಿಸಿದ್ದು ಬಿಟ್ಟ ಹಾಗಲ್ಲ ಎಂದು ಗೌಡರು ಕೇಳಲಿಲ್ಲ. ಭಾವ ಒಲೆಯ ಪಕ್ಕ ಮಲಗಿ, ಅಜ್ಜಿಯೇ ಕುಡಿಸಿದ ಬಿಸಿ ಅಂಬಲಿ ಕುಡಿದು, ಮಾರನೆಯ ದಿನ ಎದ್ದು ಕೂತ. ಕೂತವನು ನನ್ನನ್ನು ಕಂಡು ಮುಖ ತಿರುಗಿಸಿದ. "ಬೆಚ್ಚಗಿದ್ದೆ ಕಣೇ," ಎಂದು ಅಕ್ಕನ ಹತ್ತಿರ ಹೇಳಿದನಂತೆ. "ಗೆದ್ದೇ ಬುಟ್ಟಿದ್ದೆ. ನಿನ್ ತಮ್ಮ ನನ್ನ ಒಲೆ ಕುಯ್ದ." ನೀರಿಗಿಳಿಯಲು ಹೋಗಿದ್ದು, ಹುಟ್ಟು ಬಿಟ್ಟಿದ್ದು ಒಂದೂ ಅವನಿಗೆ ನೆನಪಿರಲಿಲ್ಲ. ನಾನು ಹೇಳಿದರೆ ನಂಬಲಿಲ್ಲ. ಕೂಸು ತಾತನ ಮನೆಯಲ್ಲೇ ಹುಟ್ಟಿತು, ತಾತನ ಮನೆಯ ಮುದ್ದೆಗೇ ಬಾಯಿ ಹಾಕಿತು. ಭಾವ ನನ್ನ ಜೊತೆ ಮಾತು ಬಿಟ್ಟ.

ಬೇಸಗೆಯಲ್ಲಿ ಕೆರೆ ಇಳಿದು ಅಂಗಳ ಬಿರಿಯಿತು. ಹೊಲಕ್ಕೆ ಗೋಡುಮಣ್ಣು ಹೊಡೆಯಲು ಊರಿಗೆ ಊರೇ ಗಾಡಿ ಕಟ್ಟಿತು. ನಾನು ಒಂದು ಕಡೆ ಅಗೆಯುತ್ತಿದ್ದೆ, ಭಾವ ಇನ್ನೊಂದು ಕಡೆ. ಇದ್ದಕ್ಕಿದ್ದಂತೆ ಅವನ ಸನಿಕೆಯ ಸದ್ದು ನಿಂತಿತು.

"ಲೇ, ಒಂದ್ ಕೈ ಹಿಡಿ ಬಾರ್ಲಾ."

ಕೆಳಗಿನ ಹಸಿ ಕೆಸರಿನಲ್ಲಿ ಕಪ್ಪಗೆ ಏನೋ ಹೂತಿತ್ತು. ಅವನು ಒಬ್ಬನೇ ಎಳೆದು ಸೋತಿದ್ದ. ಇಬ್ಬರೂ ಸೇರಿ ಎಳೆದೆವು. ಕೆಸರು ಕುಡಿದ ಕಂಬಳಿ ಕರುವಿನ ಹೆಣದ ಹಾಗೆ ಬಂತು. ಗಂಟು ಹಾಗೇ ಇತ್ತು. ಪಕ್ಕದಲ್ಲಿ ಅಡಕತ್ತರಿ ಕಚ್ಚಿದ ಮೊಟುಕು ಮೊಟುಕು ಗಾಯ. ಭಾವ ಅದನ್ನು ಕೈಯಲ್ಲಿ ತೂಗಿ ನೋಡಿದ. ಗಂಟನ್ನು ಕತ್ತಿನ ಹತ್ತಿರ ಹಿಡಿದು ನೋಡಿದ.

"ಇದ್ನ ಕಟ್ಕೊಂಡು ನೀರಿಗಿಳೀತೀನಿ ಅಂದಿದ್ನೇನ್ಲಾ?"

"ಹೂಂ ಭಾವ. ಸೆಕೆ ಅಂದೆ. ನಗ್ತಿದ್ದೆ."

ಅವನು ಗಾಡಿಯ ನೆರಳಿಗೂ ಹೋಗದೆ ಅಲ್ಲೇ ಬಿರಿದ ನೆಲದ ಮೇಲೆ ಕುಸಿದು ಕೂತ. ನೆತ್ತಿಯ ಮೇಲೆ ಸೂರ್ಯ, ಕಾಲಿಟ್ಟರೆ ಸುಡುವ ಮಣ್ಣು. ಆ ಬಿಸಿಲಿನಲ್ಲಿ ಭಾವನ ಹಲ್ಲು ಕಟಕಟ ಎನ್ನತೊಡಗಿದವು. ನಾನು ಅವನ ಬೆನ್ನಿಗೆ ಬೆನ್ನು ಕೊಟ್ಟು, ಆ ನಡುಕ ನಿಲ್ಲುವವರೆಗೆ ಕೂತಿದ್ದೆ.