ಗದಿಗೆಪ್ಪನವರ ಬಲಸುತ್ತು

ಗದಿಗೆಪ್ಪನವರ ಸ್ಲೈಡ್ ಶೋ ಎಂದರೆ ಡಲ್ಲಾಸಿನ ಕನ್ನಡಿಗರಿಗೆ ಸುಖನಿದ್ರೆ. ಡಲ್ಲಾಸಿನ ಪಕ್ಕದ ಮರ್ಫಿ ಊರಿನ ಅವರ ಮನೆಯಲ್ಲಿ ಊಟ ಮುಗಿದು ದೀಪ ಆರಿತೆಂದರೆ, ಗ್ರ್ಯಾಂಡ್ ಕ್ಯಾನಿಯನ್ನಿನ ಮೂರನೆಯ ಚಿತ್ರಕ್ಕೆಲ್ಲ ಗೆಳೆಯ ಮೋಹನರಾಜರ ಗೊರಕೆ ಶುರು. 2001ರಲ್ಲಿ ಹ್ಯೂಸ್ಟನ್ನಿನ ಕನ್ನಡ ಕೂಟದವರು ಏನೂ ಗೊತ್ತಿಲ್ಲದೆ ಅವರಿಗೆ ಇಪ್ಪತ್ತು ನಿಮಿಷ ಕೊಟ್ಟರು. ಅದೂ ಊಟದ ನಂತರ.

"ಇವತ್ತೂ ಮಂದಿ ಮಲಗಿದ್ರ, ಪ್ರೊಜೆಕ್ಟರ್ ಹಳೇ ಸಾಮಾನಿನ ಜೋಡಿ ಗ್ಯಾರೇಜ್ ಸೇಲಿಗೆ ಇಡ್ತೀನಿ ನೋಡ್ರಿ," ಎಂದು ಹೆಂಡತಿ ವಸಂತಾ ಕಾರು ಓಡಿಸುತ್ತಲೇ ಹೇಳಿಬಿಟ್ಟರು.

ಆಫೀಸಿನ ಕೆಲಸಕ್ಕೆ ಫ್ರಾನ್ಸಿನ ಬ್ರಿಟನಿ ಸೀಮೆಗೆ ಹೋಗಿದ್ದಾಗ ಗದಿಗೆಪ್ಪನವರು ಒಂದು ಹಳ್ಳಿಯ ಚರ್ಚು ನೋಡಿ ಬಂದಿದ್ದರು. ಈ ಸಲದ ಸ್ಲೈಡುಗಳು ಅದರವು.

"ಸುತ್ತ ಕಲ್ಲಿನ ಪ್ರಾಕಾರ, ಮುಂದ ಮಹಾದ್ವಾರ, ನಮ್ಮ ಗುಡಿ ಇದ್ದಂಗ ಅದ ನೋಡ್ರಿ," ಎಂದು ಶುರುಮಾಡಿದರು. "ಬಟ್ಟಿ ನೇಯ್ದು ರೊಕ್ಕ ಮಾಡಿದ ಊರು. ಬಾಜೂ ಊರಿನವರಿಗಿಂತ ಒಂದು ಗೊಂಬಿ ಹೆಚ್ಚಿಗೆ ಕೆತ್ತಸ್ಬೇಕಂತ ಇವರಿಗೆ ಹಟ."

"ನಮ್ಮ ಎರಡು ಕನ್ನಡ ಕೂಟಗಳ ಹಾಗೆ," ಎಂದರು ಡಲ್ಲಾಸಿನಿಂದಲೇ ಬಂದಿದ್ದ ಮೋಹನರಾಜ, ಆಕಳಿಸುತ್ತಾ. ಆಮೇಲೆ ಕಣ್ಣು ಮುಚ್ಚಿದರು.

ಪರದೆಯ ಮೇಲೆ ಅಂಗಳದ ಶಿಲುಬೆಕಟ್ಟೆ ಬಂತು. ಅದರ ನಾಲ್ಕೂ ಮುಖದಲ್ಲಿ ಕಲ್ಲಿನ ಜನಜಾತ್ರೆ, ಯೇಸುವಿನ ಕೊನೆಯ ದಿನಗಳ ಕತೆ. ಗದಿಗೆಪ್ಪನವರು ಒಂದೊಂದೇ ಸ್ಲೈಡ್ ತಳ್ಳಿದರು: ಸಮಾಧಿ, ಶಿಲುಬೆ, ಶಿಲುಬೆ ಹೊತ್ತ ನಡಿಗೆ, ಊಟದ ಪಂಕ್ತಿ.

"ಅಂಕಲ್, ಒಂದ್ನಿಮಿಷ," ಎಂದು ಹಿಂದಿನ ಸಾಲಿನಿಂದ ವಿಶ್ವಾಸ್ ಎದ್ದ. ಮಂಗಳೂರಿನ ಕ್ರೈಸ್ತ ಹುಡುಗ, ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಓದುತ್ತಿದ್ದ. "ಯೇಸುಸ್ವಾಮೀನ ಆಗ್ಲೇ ಸಮಾಧಿ ಮಾಡಾಯ್ತು. ಈಗ ಊಟಕ್ಕೆ ಕೂತಿದಾರಲ್ಲ."

ಗದಿಗೆಪ್ಪನವರು ಪರದೆಯನ್ನೇ ನೋಡಿದರು. "ನಾ ಗುಡಿ ಸುತ್ತಿದಂಗ ಬಲಕ್ಕ ಸುತ್ತಿ ಫೋಟೋ ಹೊಡದೆ. ಕೆತ್ತಿದಾವ ಎಡಕ್ಕ ಹೋಗ್ಯಾನ ಕಾಣಸ್ತದ."

ಮೋಹನರಾಜರ ಕಣ್ಣು ತೆರೆದವು. "ಬೂಟೂ ಬಾಗಿಲಲ್ಲೇ ಬಿಟ್ಟಿದ್ರಾ?"

"ಬಿಟ್ಟಿದ್ದೆ. ಮಳ್ಯಾಗ ತೊಯ್ದ್ವು."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗದಿಗೆಪ್ಪನವರಿಗೆ ಮಾತ್ರ ಗ್ಯಾರೇಜ್ ಸೇಲಿನ ಬೋರ್ಡೇ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ವಸಂತಾ ಎದ್ದು ಬಂದು ಪ್ರೊಜೆಕ್ಟರಿನ ಹಿಂದಕ್ಕೆ ಹೋಗುವ ಗುಂಡಿ ಒತ್ತಿದರು. "ವಿಶ್ವಾಸ್, ನೀ ಕತಿ ಹೇಳಪಾ. ಇವರು ಕೋಲು ಹಿಡದು ತೋರಸ್ತಾರ."

ಪಂಕ್ತಿಯಿಂದ ಸಮಾಧಿಯವರೆಗೆ ವಿಶ್ವಾಸ್ ಹೇಳುತ್ತಾ ಹೋದ. ಗದಿಗೆಪ್ಪನವರು ಒಂದೊಂದು ಗೊಂಬೆಯನ್ನೂ ಕೋಲಿನಿಂದ ಮುಟ್ಟಿ ತೋರಿಸಿದರು. ಇಪ್ಪತ್ತು ನಿಮಿಷ ನಲವತ್ತಾಯಿತು. ದೀಪ ಹತ್ತಿದಾಗ ಮೋಹನರಾಜರು, "ಅಷ್ಟೇನಾ?" ಎಂದರು.

ವಾಪಸು ಹೊರಡುವಾಗ ವಸಂತಾ ಪ್ರೊಜೆಕ್ಟರನ್ನು ತಮ್ಮ ಶಾಲಿನಲ್ಲಿ ಸುತ್ತಿ, ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು. ಗದಿಗೆಪ್ಪನವರು ತಕರಾರಿಲ್ಲದೆ ಹಿಂದೆ ಕುಳಿತರು.