ಎರಡನೇ ಪಿಟೀಲು

ಬ್ಯಾಂಡ್ ಮೇಷ್ಟ್ರ ಎಡ ದವಡೆಯ ಕೆಳಗೆ ಹುಣಸೆಬೀಜದಷ್ಟು ದೊಡ್ಡ ಕಪ್ಪು ಕಲೆಯಿತ್ತು. ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಮೂವತ್ತು ವರ್ಷ ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡು ಬಾರಿಸಿದ ಗುರುತು ಅದು. ಹುಟ್ಟೂರು ಮಧುಗಿರಿಗೆ ಮರಳಿದ ಮೇಲೆ ಯಾರಾದರೂ "ಅದೇನು ಹುಣ್ಣಾ?" ಎಂದು ಕೇಳಿದರೆ, "ಮಹಾರಾಜ್ರು ಕೊಟ್ಟ ಮೆಡ್ಲು ಕಣಪ್ಪ, ಕಳ್ಳರಿಗೂ ಕದಿಯಾಕಾಗಲ್ಲ" ಅನ್ನುತ್ತಿದ್ದರು.

ನಾನಾಗ ಹರಿಕಥೆ ದಾಸರೊಬ್ಬರಿಗೆ ಪಕ್ಕವಾದ್ಯ ನುಡಿಸುತ್ತಿದ್ದೆ. ಊರಲ್ಲಿ ಪಿಟೀಲು ಹಿಡಿಯಬಲ್ಲವನು ನಾನೊಬ್ಬನೇ ಎಂಬ ಜಂಬವೂ ಇತ್ತು. ಮೇಷ್ಟ್ರು ಅದನ್ನು ಒಂದೇ ದಿನದಲ್ಲಿ ಇಳಿಸಿದರು. ಇನ್ನೂರು ವರ್ಷಕ್ಕೂ ಹಿಂದಿನ, ಯೂರೋಪಿನ ಸೊನಾಟವೊಂದರ ಹಾಳೆಗಳನ್ನು ನನ್ನೆದುರು ಹರಡಿದರು. ನಾಲ್ಕು ಭಾಗದ ಕೃತಿ. ಎರಡು ಪಿಟೀಲು, ಕೆಳಸ್ಥಾಯಿಗೊಂದು ವಾದ್ಯ. ಕೆಳಸ್ಥಾಯಿಗೆ ಪೋಸ್ಟ್ ಮಾಸ್ಟರ ಹಾರ್ಮೋನಿಯಂ ಸಿಕ್ಕಿತು. ಎರಡನೇ ಪಿಟೀಲು ನನ್ನ ಪಾಲಿಗೆ ಬಂತು. ಐದು ಗೆರೆಯ ಮೇಲೆ ಸ್ವರ ಗುರುತಿಸುವ ಆ ಬರಹ ನನಗೆ ಬಾರದೆಂದು ನಾನು ಬಾರಿಸಬೇಕಾದ ಸಾಲನ್ನೆಲ್ಲ ಸರಿಗಮದಲ್ಲಿ ಬರೆದುಕೊಟ್ಟರು. ಬರೆಯುವಾಗ ಅವರ ಬಲಗೈ ನಡುಗುತ್ತಿತ್ತು.

"ಈ ಕೈ ಪೂರಾ ನಿಲ್ಲೋದ್ರೊಳಗೆ ಇದ್ನ ಒಂದ್ಸಲ ನಮ್ಮೂರಲ್ಲಿ ಕೊನೆತಂಕ ಕೇಳ್ಬೇಕು ಕಣ್ಲಾ," ಅಂದರು. ಅಷ್ಟೇ ಅವರ ಆಸೆ.

ನನ್ನ ತೊಂದರೆ ಬೇರೆ. ಪಕ್ಕವಾದ್ಯದವನು ಹಾಡುವವರ ಹಿಂದೆಯೇ ಹೋಗಬೇಕು, ಅವರು ನಿಂತರೆ ನಿಲ್ಲಬೇಕು. ಸೊನಾಟದಲ್ಲೂ ಅದನ್ನೇ ಮಾಡಿದೆ. ನನ್ನ ಸಾಲನ್ನು ಬಿಟ್ಟು ಮೇಷ್ಟ್ರ ಸಾಲಿಗೇ ಜೋತುಬೀಳುತ್ತಿದ್ದೆ, ಅದೂ ಗಮಕ ಸೇರಿಸಿ! ಅವರು ಕಮಾನಿನಿಂದ ಮೊಣಕೈಗೆ ತಟ್ಟಿ ಗದರುತ್ತಿದ್ದರು: "ಲೇ, ನನ್ನ ಬಾಲ ಹಿಡ್ಕಂಡು ಯಾಕ್ಲಾ ಬತ್ತೀಯ? ನಾನೊಂದು ಮಾತಾಡ್ತೀನಿ, ನೀನು ಎದುರುಮಾತಾಡು. ಇಲ್ಲಿ ಯಾರಿಗೂ ಯಾರೂ ಪಕ್ಕವಾದ್ಯ ಅಲ್ಲ." ಹಿರಿಯರಿಗೆ ಎದುರುಮಾತಾಡುವುದು ನನಗೆ ಮನೆಯಲ್ಲೇ ಬಂದಿರಲಿಲ್ಲ, ಪಿಟೀಲಿನಲ್ಲಿ ಎಲ್ಲಿಂದ ಬರಬೇಕು?

ಆರು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಶಾಲೆಯ ಹಜಾರದಲ್ಲಿ ಊರವರೆದುರು ಬಾರಿಸಿದೆವು. ಎರಡು ಭಾಗ ಸೊಗಸಾಗಿ ಸಾಗಿದವು. ಮೂರನೆಯದು ನಿಧಾನಗತಿಯದು. ಅದರ ನಡುವೆ ಮೇಷ್ಟ್ರ ಕಮಾನು ಕೈಜಾರಿ ಬಿತ್ತು. ಬೆರಳುಗಳು ಮಡಚಿಕೊಳ್ಳಲೇ ಇಲ್ಲ. ಅಭ್ಯಾಸಬಲ, ನನ್ನ ಕಮಾನೂ ತಂತಿಯಿಂದ ಮೇಲೇಳತೊಡಗಿತು. ಅವರು ನನ್ನತ್ತ ನೋಡಿದರು. ಅಂಥ ಕೋಪವನ್ನು ಆ ಮುಖದಲ್ಲಿ ನಾನು ಕಂಡೇ ಇರಲಿಲ್ಲ. ಹೆದರಿ ನನ್ನ ಸಾಲನ್ನು ಮುಂದುವರಿಸಿದೆ. ನಾಲ್ಕು ಸ್ವರ ದಾಟುವಷ್ಟರಲ್ಲಿ ಹೆದರಿಕೆ ಹೋಗಿತ್ತು. ಹಾರ್ಮೋನಿಯಂ ಜೊತೆಯಲ್ಲೇ ಇತ್ತು. ಮೇಷ್ಟ್ರು ತಮ್ಮ ಸಾಲನ್ನು ಒಡಕು ಗಂಟಲಲ್ಲಿ ಹಾಡತೊಡಗಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗಲಿ! ನಾಲ್ಕನೆಯ ಭಾಗವನ್ನೂ ಹಾಗೆಯೇ ಮುಗಿಸಿದೆವು.

"ಕೇಳ್ದೆ ಕಣ್ಲಾ," ಅಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತ. "ಕೊನೆತಂಕ ಕೇಳ್ಬುಟ್ಟೆ."

ಮರುವರ್ಷ ಕೊಳಾಲವೆಂಬ ಊರಿನಲ್ಲಿ, ಹಾಡುವವರಿಲ್ಲದೆ ನಾನೊಬ್ಬನೇ ಕೂತು ನುಡಿಸಿದ ಮೊದಲ ಕಚೇರಿ. ನಡುವೆ ಪೋಸ್ಟ್ ಮಾಸ್ಟರು ಕಳಿಸಿದ ಆಳು ಬಂದು, ಮೇಷ್ಟ್ರು ಹೋಗಿಬಿಟ್ಟರೆಂದು ಕಿವಿಯಲ್ಲಿ ಹೇಳಿದ. ಎದೆ ಒಡೆದುಹೋಯಿತು. ನನ್ನ ಮುಖ ನೋಡಿ, ಎದ್ದು ಹೊರಡುತ್ತೇನೆಂದುಕೊಂಡು ಕೂತವರು ದಾರಿಬಿಟ್ಟರು. ನಾನು ಏಳಲಿಲ್ಲ. ಮಂಗಳದವರೆಗೂ ನುಡಿಸಿ, ಆಮೇಲೆ ಗಾಡಿ ಕಟ್ಟಿಸಿಕೊಂಡು ಮಧುಗಿರಿಗೆ ಹೊರಟೆ. ಕಲ್ಲೆದೆಯವನೆಂದು ಕೆಲವರು ಈಗಲೂ ಅನ್ನುತ್ತಾರೆ. ಅರ್ಧಕ್ಕೆ ಬಿಟ್ಟು ಓಡಿಬಂದಿದ್ದರೆ ಮೇಷ್ಟ್ರು ನನ್ನನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.