ಹೀರಾಬಾಯಿಯ ಹಗ್ಗ

ಮಣ್ಣೂರಿನ ಹೀರಾಬಾಯಿಗೆ ಈಜು ಬರುತ್ತಿರಲಿಲ್ಲ. ಆದರೂ ಎಂಬತ್ತರ ದಶಕದ ಬೇಸಿಗೆಗಳಲ್ಲಿ ಓಣಿಯ ಮಕ್ಕಳಿಗೆ ಈಜು ಕಲಿಸಿದವಳು ಅವಳೇ. ಮಳೆಗಾಲದಲ್ಲಿ ಭೀಮಾ ನದಿ ಹೊಲದಂಚಿಗೇ ಬರುತ್ತದೆ. ಈಜು ಬಾರದ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಬದುಕುವುದು ಹೇಗೆ ಎಂಬುದು ಅವಳ ವಾದ.

ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ತನ್ನ ಮೂವರನ್ನೂ ನೆರೆಮನೆಯ ಖಾಸೀಂಬಿಯ ಇಬ್ಬರನ್ನೂ ಹೊಲದ ಬಾವಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಮಗುವಿನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. "ಯಾರರ ಮುಳುಗಿದ್ರ ಕಾಲ ಮುರೀತೀನಿ ನೋಡ್ರಿ!" ಎಂದು ಗದರುತ್ತಿದ್ದಳು.

ಅಂಥ ಒಂದು ವರ್ಷ ಮೇ ತಿಂಗಳ ಹೊತ್ತಿಗೆ ನಾಲ್ವರು ಹಗ್ಗ ಬಿಟ್ಟು ಈಜುತ್ತಿದ್ದರು. ಆರು ವರ್ಷದ ಕಿರಿಯ ಮಗ ಸಾತಪ್ಪ ಮಾತ್ರ ಬಿಡಲೊಲ್ಲೆ ಎನ್ನುತ್ತಿದ್ದ. ಒಂದು ದಿನ ಅವನು ಬಾವಿಯ ನಡುವೆ ಇದ್ದಾಗ ಸೊಂಟದ ಗಂಟು ಬಿಚ್ಚಿಕೊಂಡಿತು. ಹಗ್ಗದ ತುದಿ ಅವನ ಹಿಂದೆ ನೀರಿನ ಮೇಲೆ ತೇಲತೊಡಗಿತು. ಪಕ್ಕದಲ್ಲಿ ಕುಳಿತಿದ್ದ ದೊಡ್ಡ ಮಗಳು ಕೂಗಲು ಬಾಯಿ ತೆರೆದಳು. ಹೀರಾಬಾಯಿ ಆ ಬಾಯಿಗೆ ಅಂಗೈ ಒತ್ತಿದಳು.

"ಯವ್ವಾ, ಹಗ್ಗ ಹಿಡಕೊಂಡಿ ಇಲ್ಲೋ?" ಸಾತಪ್ಪ ಹಿಂದಿರುಗಿ ನೋಡದೆ ಕೇಳಿದ.

"ಹಿಡಕೊಂಡೀನಿ. ನೀ ಹೋಗು."

ಅವನು ಕೈಕಾಲು ಬಡಿಯುತ್ತ ಹೋಗಿ ಎದುರಿನ ಕಲ್ಲು ಹಿಡಿದು ನಕ್ಕ. ಹಗ್ಗ ಸುತ್ತಿದ್ದ ಅವಳ ಮುಂಗೈ ಬಿಗಿತಕ್ಕೆ ಬಿಳಿಚಿಕೊಂಡಿತ್ತು.

ಮರುದಿನ ಸಾತಪ್ಪ ಹಗ್ಗ ಕಟ್ಟೆಂದು ಮತ್ತೆ ಬಂದು ನಿಂತ. ಹೀರಾಬಾಯಿ ಕಟ್ಟಿದಳು, ಬೇಕೆಂದೇ ಸಡಿಲವಾಗಿ.